ಬಾಲಕ್ಕೆ ಸಿಕ್ಕಿದ ಲೆಕ್ಕ

'ಆಳೆತ್ತರ' ಎಂಬ ಅಳತೆಯನ್ನು ಡೈನೋಸಾರ್ ಚಿತ್ರಗಳಷ್ಟು ಗೋಳಾಡಿಸಿದವರು ಬೇರೆ ಇಲ್ಲ. ಗಾತ್ರ ತಿಳಿಯಲೆಂದು ಪ್ರಾಣಿಯ ಪಕ್ಕದಲ್ಲಿ ನಿಲ್ಲಿಸಿದ ಆ ಕಪ್ಪು ಮನುಷ್ಯಾಕೃತಿಗೆ ಇರುವ ಕೆಲಸ ಒಂದೇ, 1.8 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಲ್ಲುವುದು. ಅಷ್ಟಕ್ಕೂ ಬಿಡುವುದಿಲ್ಲ. ಹಾಳೆ ಸಾಲದೆಂದು ಡೈನೋಸಾರನ್ನು ಕುಗ್ಗಿಸುತ್ತಾರೆ, ಮನುಷ್ಯನನ್ನು ಮರೆಯುತ್ತಾರೆ. ಕಂಪ್ಯೂಟರಿನಲ್ಲಾದರೆ ಮೊದಲು ಇಬ್ಬರನ್ನೂ ಒಂದೇ ಗುಂಪಾಗಿ ಕಟ್ಟಿ, ಆಮೇಲೆ ಮೂಲೆ ಹಿಡಿದು ಎಳೆಯಿರಿ.

ಎಡವಟ್ಟಿನ ಬೇರು ಮಾತ್ರ ಬಾಲದಲ್ಲಿದೆ. 'ಉದ್ದ' ಎಂದರೆ ಮೂತಿಯಿಂದ ಬೆನ್ನುಮೂಳೆಯ ಗುಂಟ ಬಾಲದ ತುದಿವರೆಗೆ. ವೆಲೋಸಿರಾಪ್ಟರ್ ಸುಮಾರು 2 ಮೀಟರ್ ಎಂದು ಓದಿದವರು ಅದನ್ನು ಕಂಬದಂತೆ ಎತ್ತಿ ನಿಲ್ಲಿಸಿಬಿಡುತ್ತಾರೆ. ಮನುಷ್ಯನಿಗಿಂತ ಒಂದು ಗೇಣು ಮೇಲೆ! ಅಸಲಿಗೆ ಅದರ ಸೊಂಟ ನೆಲದಿಂದ ಅರ್ಧ ಮೀಟರ್, ಹೆಚ್ಚುಕಡಿಮೆ ನಮ್ಮ ಮೊಣಕಾಲಿನ ಮಟ್ಟ. ತೂಕ 15ರಿಂದ 20 ಕೆಜಿ. ಸಾಲದ್ದಕ್ಕೆ ಗರಿ ಬೇರೆ: ಗರಿ ಕೂರುವ ಉಬ್ಬುಗಳು ಮುಂಗೈ ಮೂಳೆಯಲ್ಲೇ ಇದ್ದದ್ದು 2007ರಲ್ಲಿ ಬಯಲಾಯಿತು. ಹಾಗಾಗಿ ಚೌಕದ ಹಾಳೆಯಲ್ಲಿ ಒಂದು ಚೌಕಕ್ಕೆ 1 ಮೀಟರ್ ಹಿಡಿದು, ಮೊದಲು ಸೊಂಟದ ಎತ್ತರ ಗುರುತಿಸಿ. ಬಾಲ ಕೊನೆಗೆ. ಉದ್ದ ಎರಡು ಪಟ್ಟು ಎಳೆದರೆ ತೂಕ ಎಂಟು ಪಟ್ಟಾಗುತ್ತದೆ, ಏಕೆಂದರೆ ಅಗಲವೂ ಎತ್ತರವೂ ಜೊತೆಗೇ ಬೆಳೆಯುತ್ತವೆ.

ಇನ್ನು ಹೆಸರು. ಒಂದೇ ತರಹ ಕೇಳಿಸುವ ಎರಡನ್ನು ಅದಲುಬದಲು ಮಾಡುವುದು ಸುಲಭ. ಗಿಗನೋಟೋಸಾರಸ್ ಅರ್ಜೆಂಟೀನಾದ ಮಾಂಸಾಹಾರಿ, 12-13 ಮೀಟರ್, ಹೆಸರಿಟ್ಟದ್ದು 1995ರಲ್ಲಿ. ಗಿಗಾಂಟೋಸಾರಸ್ ಇಂಗ್ಲೆಂಡಿನ ಸೊಪ್ಪು ತಿನ್ನುವ ಜೀವಿ, ಹೆಸರು 1869ರದ್ದು. 'ನೋಟೋ' ಎಂದರೆ ಗ್ರೀಕಿನಲ್ಲಿ ದಕ್ಷಿಣ. ನಮಗೆ ನೆನಪಿಡಲು ಸುಲಭ: ನಡುವೆ 'ನೋಟ' ತಪ್ಪಿದರೆ ಹುಲಿಯ ಜಾಗದಲ್ಲಿ ಹಸು.

ಪಂಡಿತರೂ ಜಾರಿದ್ದಾರೆ. ಅಮೆರಿಕದ ದೈತ್ಯನೊಂದಕ್ಕೆ ಅಲ್ಟ್ರಾಸಾರಸ್ ಎಂದು ಹೆಸರಿಡಹೊರಟರೆ, ಅದನ್ನಾಗಲೇ ಕೊರಿಯಾದ ಪ್ರಾಣಿಯೊಂದು ಹೊಡೆದುಕೊಂಡಿತ್ತು. 1991ರಲ್ಲಿ ಒಂದಕ್ಷರ ತಿದ್ದಿ ಅಲ್ಟ್ರಾಸಾರೋಸ್ ಮಾಡಿದರು. ಕೊನೆಗೆ ನೋಡಿದರೆ ಆ ದೈತ್ಯನದೆಂದು ಜೋಡಿಸಿದ್ದ ಮೂಳೆಗಳೇ ಬೇರೆ ಎರಡು ಡೈನೋಸಾರ್ ಜಾತಿಗಳವು: ಬೆನ್ನುಮೂಳೆ ಸೂಪರ್‌ಸಾರಸ್‌ದು, ಹೆಗಲಿನ ಮೂಳೆ ಬ್ರಾಕಿಯೋಸಾರಸ್‌ದು! ತಿದ್ದಿದ ಅಕ್ಷರವೂ ದಂಡ.

ಉದ್ದನೆಯ ಹೆಸರಿಗೆ ದೊಡ್ಡ ಚೌಕ ಮೀಸಲಿಡುವವರಿಗೆ ಒಂದು ಎಚ್ಚರಿಕೆ. ಚೀನಾದ ಮೈಕ್ರೋಪ್ಯಾಕಿಸೆಫಾಲೋಸಾರಸ್ ಮೂತಿಯಿಂದ ಬಾಲದವರೆಗೆ ಒಂದು ಮೀಟರಿನ ಆಸುಪಾಸು. ಪ್ರಾಣಿ ಒಂದೇ ಚೌಕದಲ್ಲಿ ತೆಪ್ಪಗೆ ಕೂತಿರುತ್ತದೆ. ಕೆಳಗೆ ಬರೆದ ಹೆಸರು ಪಕ್ಕದ ನಾಲ್ಕು ಚೌಕ ದಾಟಿ ದೈತ್ಯ ಡಿಪ್ಲೊಡೊಕಸ್‌ನ ಕಾಲಡಿಗೆ ಹೋಗಿ ನಿಲ್ಲುತ್ತದೆ.