ಗದರಿಸದ ಕಾರುಗಳು

1968ರಲ್ಲಿ ಅಮೆರಿಕದ ಪ್ಲಿಮತ್ ಕಂಪನಿ ರೋಡ್ ರನ್ನರ್ ಅಂತ ಒಂದು ಕಾರು ಬಿಟ್ಟಿತು. ಹುಡುಗರ ಜೇಬಿಗೆ ಎಟುಕಲಿ ಅಂತ ಮಾಡಿದ ಕಾರು. ನೆಲಕ್ಕೆ ಕಾರ್ಪೆಟ್ ಇಲ್ಲ, ಬರೀ ರಬ್ಬರ್ ಹಾಸು. ಮುಂದೆ ಬೆಂಚಿನ ಹಾಗೆ ಒಂದೇ ಉದ್ದದ ಸೀಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಡಿಸ್ಕ್ ಬೇಕಿದ್ದರೆ ಬೇರೆ ದುಡ್ಡು. ಬಾನೆಟ್ ಕೆಳಗೆ ಮಾತ್ರ 335 ಹಾರ್ಸ್‌ಪವರಿನ ವಿ8 ಎಂಜಿನ್. ಇಷ್ಟೆಲ್ಲ ಜಿಪುಣತನ ಮಾಡಿದ ಕಂಪನಿ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಎಣಿಸಿ ಕೊಟ್ಟಿತು. ಯಾತಕ್ಕೆ? ಕಾರ್ಟೂನಿನಲ್ಲಿ ಓಡುತ್ತಲೇ ಇರುತ್ತದಲ್ಲ ಆ ಹಕ್ಕಿ, ಅದರ ಹೆಸರು ಮತ್ತು ಚಿತ್ರ ಹಾಕಿಕೊಳ್ಳೋದಕ್ಕೆ. ಹಾರ್ನು ಕೂಡ ಆ ಹಕ್ಕಿಯ ಹಾಗೇ ಬೀಪ್ ಬೀಪ್ ಅನ್ನುತ್ತಿತ್ತು.

ಆಗ ಡ್ರೈವರು ಊರಿಗೆಲ್ಲ ಬೀಪ್ ಅನ್ನುತ್ತಿದ್ದ. ಈಗ ಕಾರೇ ಡ್ರೈವರಿಗೆ ಬೀಪ್ ಅನ್ನುತ್ತದೆ. ಬೆಲ್ಟ್ ಹಾಕು. ಗೆರೆ ದಾಟಬೇಡ. ಪಕ್ಕದಲ್ಲಿ ಲಾರಿ ಇದೆ. ಮುಂದಿನ ಕಾರು ಹೊರಟಾಯ್ತು, ನೀನಿನ್ನೂ ಏನು ನೋಡ್ತಿದ್ದೀಯ? ಸುಸ್ತಾದ ಹಾಗಿದೆ, ಇಳಿದು ಕಾಫಿ ಕುಡಿ. ನನ್ನ ಕಾರಂತೂ ಪಕ್ಕದ ಸೀಟಿನಲ್ಲಿಟ್ಟ ಸೋನಾ ಮಸೂರಿ ಚೀಲಕ್ಕೂ ಬೆಲ್ಟ್ ಹಾಕು ಅಂತ ಹಟ ಹಿಡಿಯುತ್ತದೆ.

ಇದನ್ನೆಲ್ಲ ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಉದ್ಯಮದಲ್ಲಿ ದುಡಿಯುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ನನ್ನ ಹೊಟ್ಟೆಪಾಡೇ ಏರ್‌ಬ್ಯಾಗು. ಅದು ಯಾವಾಗ ಬಿಚ್ಚಿಕೊಳ್ಳಬೇಕು, ಯಾವಾಗ ಸುಮ್ನಿರಬೇಕು ಅನ್ನೋದರ ಲೆಕ್ಕ ಹಾಕುವುದೇ ದಿನವಿಡೀ ಕೆಲಸ. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಗರಾಜಿನಲ್ಲಿ 1965ರ ಪಾಂಟಿಯಾಕ್ ಜಿಟಿಒ ನಿಂತಿರುತ್ತದೆ. ಅದರಲ್ಲಿ ಏರ್‌ಬ್ಯಾಗು ಇಲ್ಲ, ಎಬಿಎಸ್ ಇಲ್ಲ, ಸೀಟಿಗೆ ತಲೆಯಾನಿಕೆ ಇಲ್ಲ, ಬಲಗಡೆ ಕನ್ನಡಿಯೂ ಇಲ್ಲ. ನಾನು ಲೆಕ್ಕ ಹಾಕಬೇಕಾದ್ದು ಒಂದೂ ಇಲ್ಲದ ಆ ಕಾರು ಕಂಡರೆ ನನಗೆ ಎಲ್ಲಿಲ್ಲದ ಪ್ರೀತಿ.

ಜಿಟಿಒ ಹುಟ್ಟಿದ್ದೇ ಒಂದು ಕಿಲಾಡಿತನದಿಂದ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಅಂತ ಜನರಲ್ ಮೋಟಾರ್ಸ್ ಮೇಲಿನವರು ನಿಯಮ ಮಾಡಿದ್ದರು. ಅದರದೇ ಪಾಂಟಿಯಾಕ್ ವಿಭಾಗದಲ್ಲಿ ಜಾನ್ ಡೆಲೋರಿಯನ್ ಮುಖ್ಯ ಎಂಜಿನಿಯರ್. ಮೇಲಿನವರು ಚಾಪೆ ಕೆಳಗೆ ತೂರಿದರೆ ಈತ, ಈತನ ಜೊತೆಯವರು ರಂಗೋಲಿ ಕೆಳಗೆ ತೂರಿದರು. ನಿಯಮ ಇರೋದು ಹೊಸ ಕಾರಿಗೆ ತಾನೇ? ಇರುವ ಟೆಂಪೆಸ್ಟ್ ಲೆ ಮಾನ್ಸ್ ಕಾರಿಗೇ ಗಿರಾಕಿ ಬಯಸಿದರೆ ಮಾತ್ರ ಕೊಡುವ ಐಚ್ಛಿಕ ಪ್ಯಾಕೇಜ್ ಅಂತ 389 ಘನ ಇಂಚಿನ ಎಂಜಿನ್ ಕೂರಿಸಿದರು. 300 ಡಾಲರಿಗೂ ಕಡಿಮೆ ದರ. 1964ರಲ್ಲಿ, ಮೊದಲ ವರ್ಷವೇ, 32,000ಕ್ಕೂ ಮಿಕ್ಕಿ ಮಾರಾಟವಾಯಿತು. ಗೆದ್ದ ಮೇಲೆ ನಿಯಮದ ಮಾತು ಯಾರೆತ್ತುತ್ತಾರೆ.

389 ಘನ ಇಂಚು ಅಂದರೆ ಎಷ್ಟು ಅಂತ ನಮ್ಮ ಕಡೆಯ ಅಳತೆಯಲ್ಲಿ ಹೇಳುತ್ತೇನೆ ಕೇಳಿ. ಸುಮಾರು 6,400 ಸಿಸಿ, ಎಂಟು ಸಿಲಿಂಡರು. ಭಾಗಿಸಿ ನೋಡಿದರೆ ಒಂದೊಂದು ಸಿಲಿಂಡರೂ 797 ಸಿಸಿ ಹತ್ತಿರ ಬರುತ್ತದೆ. ನಮ್ಮ ಹಳೇ ಮಾರುತಿ ಆಲ್ಟೊ 800ರ ಇಡೀ ಎಂಜಿನ್ 796 ಸಿಸಿ ಇತ್ತು. ಎಂಟು ಆಲ್ಟೊ ಸೇರಿ ಒಂದು ಕಾರು ಎಳೆಯುತ್ತಿವೆ ಅನ್ನಿ, ನಿಲ್ಲಿಸೋದಕ್ಕೆ ಮಾತ್ರ ಒಂದು ಆಲ್ಟೊಗೆ ಸಾಕಾಗುವಷ್ಟು ಬ್ರೇಕು.

ಕಾರಿನ ಯಜಮಾನರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ನನಗೂ ಓಡಿಸೋಕೆ ಕೊಡುತ್ತಾರೆ. ಮೊದಲು ಆಕ್ಸಿಲರೇಟರನ್ನು ಎರಡು ಸಲ ಪೂರ್ತಿ ತುಳಿದು ಬಿಡಬೇಕು, ಕಾರ್ಬ್ಯುರೇಟರಿಗೆ ಪೆಟ್ರೋಲು ಹೋಗಲಿ ಅಂತ. ಆಮೇಲೆ ಕೀಲಿ. ಎಂಜಿನ್ ಹೊತ್ತಿಕೊಂಡರೆ ಇಡೀ ಕಾರು ಒಂದು ಕಡೆಗೆ ವಾಲಿ ಮತ್ತೆ ಸರಿಯಾಗುತ್ತದೆ. ಪೆಟ್ರೋಲ್ ವಾಸನೆ ಮೂಗಿಗೆ ಅಡರುತ್ತದೆ. ಕ್ಲಚ್ ತುಳಿಯೋದಕ್ಕೆ ಎಡಗಾಲಿನ ತೊಡೆಯಲ್ಲಿ ಕಸುವು ಬೇಕು. ಸ್ಟೀರಿಂಗ್ ದೊಡ್ಡದು, ಸ್ವಲ್ಪ ಸಡಿಲ, ಒಂದಿಷ್ಟು ತಿರುಗಿಸಿದ ಮೇಲೆ ತಾನೆ ಚಕ್ರಕ್ಕೆ ಸುದ್ದಿ ಮುಟ್ಟುವುದು. ಹೈ ಬೀಮ್ ಸ್ವಿಚ್ಚು ನೆಲದಲ್ಲಿದೆ, ಅದನ್ನೂ ಎಡಗಾಲಿನಲ್ಲೇ ಒತ್ತಬೇಕು.

ಹರ್ಸ್ಟ್ ಕಂಪನಿಯ ಗೇರ್ ಲಿವರನ್ನು ಎರಡನೇ ಗೇರಿಗೆ ಎಳೆದು ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಮುಂದಿನ ಬಾನೆಟ್ಟು ಮೇಲೇಳುತ್ತದೆ, ಹಿಂದೆಲ್ಲೋ ಟೈರು ಕಿರುಚುತ್ತದೆ, ಮತ್ತು ಆ ಸದ್ದಿದೆಯಲ್ಲ, ಅದು ಕಿವಿಯಿಂದಲ್ಲ ಪಕ್ಕೆಲುಬಿನಿಂದ ಕೇಳಿಸುವ ಸದ್ದು. ಈಗಿನ ಸಾಧಾರಣ ಎಲೆಕ್ಟ್ರಿಕ್ ಕಾರು ಇದಕ್ಕಿಂತ ಬೇಗ ಓಡೀತು, ಅದೂ ಸದ್ದಿಲ್ಲದೆ. ಓಡಲಿ ಬಿಡಿ. ವೇಗ ಬೇರೆ, ವೇಗವಾಗಿ ಹೋಗ್ತಿದ್ದೀನಿ ಅಂತ ಮೈಗೆ ಗೊತ್ತಾಗೋದು ಬೇರೆ.

ಇನ್ನು ನಿಲ್ಲಿಸುವ ಪಾಡು. ಮೊದಲ ಸಲ ಗಟ್ಟಿಯಾಗಿ ತುಳಿದಾಗ ಚೆನ್ನಾಗೇ ಹಿಡಿಯುತ್ತದೆ. ಎರಡನೇ ಸಲ ಪರವಾಗಿಲ್ಲ. ಮೂರನೇ ಸಲಕ್ಕೆ ಡ್ರಮ್ಮು ಕಾದು, ಪೆಡಲ್ ಇದ್ದಲ್ಲೇ ಇದ್ದರೂ ಕಾರು ನಿಲ್ಲೋ ಮನಸ್ಸು ಮಾಡುವುದಿಲ್ಲ. ಅದರ ಮೇಲೆ, ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಸರ್ಕ್ಯೂಟು. ಎಲ್ಲಾದರೂ ಒಂದು ಕಡೆ ಪೈಪು ಸೋರಿದರೆ ನಾಲ್ಕೂ ಹೋದಂತೆ. ಸ್ಟೀರಿಂಗ್ ಕಂಬ ಕೂಡ ಗಟ್ಟಿ ಉಕ್ಕು, ಮುಂದಿನಿಂದ ಗುದ್ದಿದರೆ ಅದು ನೇರ ಎದೆಗೆ ಬರುತ್ತದೆ. ಗುದ್ದಿದಾಗ ಕುಗ್ಗುವ ಕಂಬ ಜನರಲ್ ಮೋಟಾರ್ಸ್ ಕಾರುಗಳಿಗೆ ಬಂದದ್ದು 1967ರ ಮಾಡೆಲಿನಲ್ಲಿ. ಸೊಂಟಕ್ಕೆ ಕಟ್ಟುವ ಬೆಲ್ಟ್ ಒಂದಿದೆ. ಯಜಮಾನರು ಅದನ್ನು ಸೀಟಿನ ಸಂದಿಗೆ ತುರುಕಿಟ್ಟಿದ್ದಾರೆ, ನಾನು ಎಳೆದು ಕಟ್ಟಿಕೊಂಡರೆ ನಗುತ್ತಾರೆ. ನಗಲಿ.

ಆದರೂ ಆ ಕಾರಿನಲ್ಲಿ ಕೂತಾಗ ನಾನು ಓಡಿಸುವ ರೀತಿಯೇ ಬೇರೆ. ಮುಂದಿನ ನಾಲ್ಕು ಕಾರುಗಳ ಬ್ರೇಕ್ ಲೈಟು ನೋಡುತ್ತೇನೆ. ತಿರುವಿಗೆ ಬಹಳ ಮೊದಲೇ ಕಾಲು ಸಡಿಲಿಸುತ್ತೇನೆ. ಫೋನ್ ನೆನಪೇ ಆಗುವುದಿಲ್ಲ. ಮೈಯೆಲ್ಲ ಕಣ್ಣು. ನನ್ನ ಸ್ವಂತ ಕಾರಿನಲ್ಲಿ ಅದೇ ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಆಫೀಸಿನ ಜಗಳ ನೆನೆಯುತ್ತಾ, ಯಾವಾಗ ಮನೆ ಮುಟ್ಟಿದೆ ಅಂತಲೂ ಗೊತ್ತಾಗದೆ ಬಂದಿರುತ್ತೇನೆ. ಹಳೇ ಕಾರು ನೆನೆದು ಕರಗುವವರು ಅಪಾಯ ಬೇಕು ಅಂತ ಕೇಳುತ್ತಿಲ್ಲ. ಆ ಕಾರಿಗೆ ನಾವು ಪೂರ್ತಿ ಬೇಕಾಗಿದ್ದೆವು. ಈಗಿನದಕ್ಕೆ ನಾವು ಇದ್ದರೂ ಆಯ್ತು, ಅರ್ಧ ನಿದ್ದೆಯಲ್ಲಿದ್ದರೂ ಆಯ್ತು.

ಇಷ್ಟು ಹೇಳಿ, ಅದಕ್ಕೇ ಹಳೇ ಕಾರೇ ಸುರಕ್ಷಿತ ಅಂತ ವಾದಿಸುವವರ ಜೊತೆ ಮಾತ್ರ ನಾನು ಸೇರಲಾರೆ. ಅಂಥವರು ಬಹಳ ಜನ. ಆಗಿನದು ಗಟ್ಟಿ ಕಬ್ಬಿಣ ಸ್ವಾಮಿ, ಈಗಿನದು ಬರೀ ಪ್ಲಾಸ್ಟಿಕ್ಕು ಅನ್ನುತ್ತಾರೆ. 2009ರಲ್ಲಿ ಇಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ತನ್ನ ಐವತ್ತನೇ ವರ್ಷಕ್ಕೆ 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಎರಡನ್ನೂ ಎದುರು ಬದುರು ಗುದ್ದಿಸಿತು. ಗಂಟೆಗೆ 40 ಮೈಲಿ ವೇಗ. ಗಟ್ಟಿ ಕಬ್ಬಿಣ ಕೂರುವ ಜಾಗದೊಳಕ್ಕೇ ಮಡಚಿಕೊಂಡಿತು. ಡ್ರೈವರಿನ ಜಾಗದಲ್ಲಿ ಕೂರಿಸಿದ್ದ ಪರೀಕ್ಷೆಯ ಬೊಂಬೆ ಮನುಷ್ಯನಾಗಿದ್ದರೆ ಉಳಿಯುತ್ತಿರಲಿಲ್ಲ. ಮಾಲಿಬು ಬೊಂಬೆಯ ಕಾಲಿಗೆ ಪೆಟ್ಟು, ಅಷ್ಟೆ. ಎಂಜಿನ್ ತೆಗೆದು ಗುದ್ದಿಸಿದ್ದಾರೆ ಅಂತ ಹಳೇ ಕಾರಿನ ಅಭಿಮಾನಿಗಳು ಗುಲ್ಲೆಬ್ಬಿಸಿದರು. ಎಂಜಿನ್ ಇತ್ತು. 1966ರಲ್ಲಿ ಅಮೆರಿಕದ ರಸ್ತೆಗಳಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಈಗ ಜನ ಓಡಿಸುವ ದೂರ ಆಗಿನ ಮೂರು ಪಟ್ಟಿಗಿಂತ ಜಾಸ್ತಿ, ಸಾಯುವವರು ಆಗಿನದಕ್ಕಿಂತ ಕಡಿಮೆ.

1966ರಲ್ಲೇ ಅಧ್ಯಕ್ಷ ಜಾನ್ಸನ್ ವಾಹನ ಸುರಕ್ಷತಾ ಕಾನೂನಿಗೆ ಸಹಿ ಹಾಕಿದ್ದು. ಕಾರುಗಳು ಸುರಕ್ಷಿತವಲ್ಲ ಅಂತ ವಕೀಲ ರಾಲ್ಫ್ ನೇಡರ್ ಹಿಂದಿನ ವರ್ಷ ಎಬ್ಬಿಸಿದ ಕೂಗಿಗೆ ಅದರಲ್ಲಿ ದೊಡ್ಡ ಪಾಲಿತ್ತು. 1968ರಿಂದ ಹೊಸ ಕಾರುಗಳಲ್ಲಿ ಬೆಲ್ಟ್ ಕಡ್ಡಾಯ, 1969ರಿಂದ ತಲೆಯಾನಿಕೆ. ಆದರೆ ಜಿಟಿಒ, ರೋಡ್ ರನ್ನರ್ ಥರದ ದೊಡ್ಡ ಎಂಜಿನ್ನಿನ ಮಸಲ್ ಕಾರುಗಳನ್ನು ಮುಗಿಸಿದ್ದು ಬೆಲ್ಟಲ್ಲ. ವಿಮೆಯ ಕಂತು ಏರಿತು, ಹೊಗೆಯ ಕಾನೂನು ಬಂತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಕಥೆ ಮುಗಿಯಿತು.

ಬೆಲ್ಟಿನದು ಬೇರೆಯೇ ತಮಾಷೆ. 1974ರ ಮಾಡೆಲಿನ ಕಾರುಗಳಲ್ಲಿ ಬೆಲ್ಟ್ ಕಟ್ಟದಿದ್ದರೆ ಎಂಜಿನ್ನೇ ಶುರುವಾಗದ ಹಾಗೆ ಮಾಡಿದರು. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೂ ಸರಿ, ನಾಯಿ ಕೂರಿಸಿದರೂ ಸರಿ, ಅದಕ್ಕೂ ಬೆಲ್ಟ್ ಕಟ್ಟಬೇಕು, ಇಲ್ಲದಿದ್ದರೆ ಕಾರು ಅಲುಗದು. ಜನ ರೊಚ್ಚಿಗೆದ್ದರು. ತಂತಿ ಕತ್ತರಿಸಿಕೊಂಡವರು, ಬೆಲ್ಟನ್ನು ಸೀಟಿನ ಹಿಂದೆ ಸಿಕ್ಕಿಸಿ ಕಾರಿಗೇ ಟೋಪಿ ಹಾಕಿದವರು ಬೇಕಾದಷ್ಟು. ಅದೇ ವರ್ಷ ಸಂಸತ್ತು ಆ ನಿಯಮವನ್ನೇ ತೆಗೆದುಹಾಕಿತು. ಬೆಲ್ಟ್ ಹಾಕಿಕೊಳ್ಳಲೇಬೇಕು ಅಂತ ನ್ಯೂಯಾರ್ಕ್ ರಾಜ್ಯ ಮೊದಲ ಸಲ ಕಾನೂನು ಮಾಡಿದ್ದು 1984ರಲ್ಲಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ದೊಡ್ಡವರಿಗೆ ಈಗಲೂ ಅಂಥ ಕಾನೂನಿಲ್ಲ.

ಪ್ರತಿ ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿನ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಮೆರವಣಿಗೆ. 1995ರಿಂದ ನಡೆಯುತ್ತಿದೆ. ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸ್ ಕಟ್ಟುತ್ತಿದ್ದ ರಸ್ತೆ ಅದು. ಈಗ ಅದೇ ಕಾರುಗಳು ಅದೇ ರಸ್ತೆಯಲ್ಲಿ ಆಮೆಯ ವೇಗದಲ್ಲಿ ತೆವಳುತ್ತವೆ. ಬಿಸಿಲು, ಹೊಗೆ, ಬಾನೆಟ್ ಎತ್ತಿ ನಿಂತ ಕಾರುಗಳು, ದಾರಿ ಪಕ್ಕ ಮಡಚುವ ಕುರ್ಚಿ ಹಾಕಿ ಕೂತ ಲಕ್ಷಾಂತರ ಜನ. ನನಗೆ ಯುಗಾದಿಗಿಂತ ಇದೇ ದೊಡ್ಡ ಹಬ್ಬ ಅಂತ ನನ್ನ ಹೆಂಡತಿಯ ದೂರು.

ಈ ಚಳಿಗಾಲದಲ್ಲಿ ನಮ್ಮ ಯಜಮಾನರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಜೊತೆಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರು ಹಾಕಿಸುತ್ತಿದ್ದಾರೆ. ಭುಜದ ಬೆಲ್ಟಿಗೂ ಯೋಚನೆ ಮಾಡಿದರು, ಆದರೆ ಅದು ಹಾರ್ಡ್‌ಟಾಪ್ ಕಾರು. ಕಿಟಕಿಗಳ ನಡುವೆ ಕಂಬವೇ ಇಲ್ಲ, ಬೆಲ್ಟ್ ಎಲ್ಲಿ ಬಿಗಿಯುವುದು? ಚಾವಣಿಯ ಅಂಚಿಗೆ ಕೊರೆಯಬೇಕು, ಅದಕ್ಕೆ ಅವರ ಕೈ ಬರುತ್ತಿಲ್ಲ. ಬ್ರೇಕಿನ ಸುದ್ದಿ ಕೇಳಿಯೇ ಅವರ ಕ್ಲಬ್ಬಿನ ಗೆಳೆಯರು ಮುಖ ಸಿಂಡರಿಸಿದ್ದಾರೆ. ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ತಾನೆ ಬೆಲೆ, ಇದೆಂಥ ಅಪಚಾರ ಅಂತ ಅವರ ವಾದ. ನಾನಂತೂ ಹಾಕಿಸಿ ಅಂದಿದ್ದೇನೆ. ಎಂಟು ಆಲ್ಟೊ ಹಾಗೇ ಇರುತ್ತವಲ್ಲ, ಮತ್ತೇನು. ಬಿಚ್ಚಿದ ಹಳೇ ಡ್ರಮ್ಮುಗಳನ್ನು ಗೋಡೆಗೆ ತೂಗುಹಾಕಿದರಾಯ್ತು, ಮುಖ ಸಿಂಡರಿಸಿದವರು ಬಂದು ನೋಡಿಕೊಂಡು ಹೋಗಲಿ.