ಟೋಕನ್ ಇದೆ, ಸರದಿ ಇಲ್ಲ

ನಿನ್ನೆ ಮಗನಿಗೆ ಜ್ವರ. ನಮ್ಮೂರಿನ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆ. ಇನ್ನೇನು ನಮ್ಮ ಸರದಿ ಅನ್ನುವಷ್ಟರಲ್ಲಿ ಟೈ ಕಟ್ಟಿದ, ಔಷಧ ಕಂಪನಿಗಳ ಮೆಡಿಕಲ್ ರೆಪ್‌ಗಳ ದಂಡು ಕಪ್ಪು ಬ್ಯಾಗ್ ಸಮೇತ ಒಳಗೆ ನುಗ್ಗಿತು. ಅವರಿಗೆ ಟೋಕನ್ ಬೇಡವಾ? ಜ್ವರ ನಮಗೆ, ಅರ್ಜೆಂಟು ಅವರಿಗೆ!

ಬೋರ್ಡಿನಲ್ಲಿ ಸಂಜೆ 5ರಿಂದ 8 ಅಂತಿದೆ. ಅದು ಯಾವ ದೇಶದ 5 ಗಂಟೆಯೋ! ಕೇಳಿದರೆ ಕಾಂಪೌಂಡರ್ ಮೊಬೈಲಿಂದ ತಲೆ ಎತ್ತದೆ "ದಾರಿಯಲ್ಲಿದ್ದಾರೆ" ಅಂತಾನೆ. ಡಾಕ್ಟರ ಮನೆ ಇರೋದು ಕ್ಲಿನಿಕ್ಕಿನ ಮಹಡಿ ಮೇಲೆ. ಇದರ ಜೊತೆಗೆ "ಬರೀ ರಿಪೋರ್ಟ್ ತೋರಿಸ್ಬೇಕು, ಒಂದೇ ನಿಮಿಷ" ಅನ್ನುವವರು. ಅವರ ಒಂದು ನಿಮಿಷದಲ್ಲಿ ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯಿಂದ ಆಚೆ ಬರುತ್ತೆ.

ಒಳಗೆ ಹೋದರೆ? ನಾಲಿಗೆ ಚಾಚು, ಉಸಿರು ಎಳಿ, ಮುಗೀತು. "ಎಷ್ಟು ದಿನದಿಂದ?" ಅಂತ ಕೇಳ್ತಾರೆ, ಉತ್ತರ ಕೊಡುವ ಮೊದಲೇ ಪೆನ್ನು ಓಡಿರುತ್ತೆ. ಔಷಧದ ಜನರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲ, ಔಷಧದ ಮೂಲ ಹೆಸರನ್ನು, ಓದುವ ಹಾಗೆ, ಸಾಧ್ಯವಾದರೆ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಿರಿ ಅಂತ ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತ್ತು. ಇವರ ಚೀಟಿಯಲ್ಲಿರೋದು ಒಂದು ಗೆರೆ, ಎರಡು ಗಂಟು, ಕೊನೆಗೊಂದು ಬಾಲ. ಅದನ್ನು ಓದಬಲ್ಲವನು ಇಡೀ ಊರಲ್ಲಿ ಪಕ್ಕದ ಮೆಡಿಕಲ್ ಶಾಪಿನವನು ಒಬ್ಬನೇ. ಎದುರಿನ ಅಂಗಡಿಯವನಿಗೂ ಆಗಲ್ಲ. ಎಂಥಾ ಕಾಕತಾಳೀಯ, ಅಲ್ವಾ?

"ಏನಾಗಿದೆ ಸಾರ್?" ಅಂದರೆ "ಏನೂ ಇಲ್ಲ, ವೈರಲ್." ಏನೂ ಇಲ್ಲ ಅಂದ ಮೇಲೆ ಐದು ಥರ ಮಾತ್ರೆ ಯಾಕೆ ಸ್ವಾಮಿ?