ಸ್ಪ್ಲೆಂಡರ್‌ಗೆ ಐದು ಪರ್ಸೆಂಟ್ ಪಿಕಪ್ ಸೇರಿಸಿ ಏನ್ ಮಾಡ್ತೀರಿ?

"ಏರ್ ಫಿಲ್ಟರ್ ಚೇಂಜ್ ಮಾಡಿಸ್ದೆ, ಇರಿಡಿಯಂ ಸ್ಪಾರ್ಕ್ ಪ್ಲಗ್ ಹಾಕಿಸ್ದೆ, ಗಾಡಿ ಹಾರ್ತಿದೆ ಗುರು" ಅನ್ನುವವರು ನನ್ನ ಬಳಗದಲ್ಲೇ ಸಾಕಷ್ಟಿದ್ದಾರೆ. ಸಂತೋಷ. ಆದರೂ ಒಂದು ಲೆಕ್ಕ ಹಾಕೋಣ.

ಸ್ಪ್ಲೆಂಡರ್ ಎಂಜಿನ್ 97.2 ಸಿಸಿ, ಶಕ್ತಿ ಹೆಚ್ಚುಕಮ್ಮಿ 8 ಎಚ್‌ಪಿ. ಇಂಥ ಕೈಚಳಕಗಳೆಲ್ಲ ಸೇರಿ ಶೇ. 5ರಷ್ಟು ಶಕ್ತಿ ಹೆಚ್ಚಿಸಿದವು ಅಂತಲೇ ಇಟ್ಟುಕೊಳ್ಳಿ (ಧಾರಾಳವಾಗಿಯೇ ಕೊಡ್ತಿದ್ದೇನೆ). ಬಂದದ್ದು 0.4 ಎಚ್‌ಪಿ. ಗಾಳಿ ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 80ಕ್ಕೆ ಸುಸ್ತಾಗುತ್ತಿದ್ದ ಗಾಡಿ ಈಗ 81 ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಮೀಟರಿನ ಮುಳ್ಳು ನಡುಗುವುದೇ ಅದಕ್ಕಿಂತ ಜಾಸ್ತಿ.

ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 8ರಷ್ಟು ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದವರು ಯಾರೂ "ನನ್ನ ಪಿಕಪ್ ಹೋಯ್ತು" ಅಂತ ಗೊಣಗಿದ್ದು ನಾನು ಕೇಳಿಲ್ಲ. ಎಂಟು ಹೋದದ್ದು ಗೊತ್ತಾಗದವರಿಗೆ ಐದು ಬಂದದ್ದು ಹೇಗೆ ಗೊತ್ತಾಯ್ತು? ಕಿವಿಯಿಂದ, ಮತ್ತೇನು! ಫಿಲ್ಟರ್ ಮುಚ್ಚಿರುವ ಬಾಕ್ಸ್ ತೆಗೆದು ಓಪನ್ ಫಿಲ್ಟರ್ ಹಾಕಿದರೆ ಎಂಜಿನ್ ಉಸಿರಾಡುವ ಸದ್ದು ಜೋರಾಗುತ್ತದೆ. ಸದ್ದು ಜೋರಾದರೆ ಗಾಡಿಯೂ ಜೋರಾದಂತೆ ಅನ್ನಿಸುತ್ತದೆ.

ಕಾರ್ಬ್ಯುರೇಟರ್ ಗಾಡಿಯಲ್ಲಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಮುಟ್ಟದೆ ಬರೀ ಫಿಲ್ಟರ್ ತೆರೆದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಪ್ಲಗ್ ಬಿಚ್ಚಿ ನೋಡಿ, ಬಿಸ್ಕತ್ತಿನ ಬಣ್ಣ ಹೋಗಿ ಬೆಳ್ಳಗಾಗಿರುತ್ತದೆ. 2020ರ ಬಿಎಸ್6 ಹೊಗೆ ನಿಯಮದ ನಂತರದ ಗಾಡಿಗಳಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲ್ ಹೆಚ್ಚುಕಮ್ಮಿ ಮಾಡಿಸುವ ಆಕ್ಸಿಜನ್ ಸೆನ್ಸರ್ ಕೂತಿದೆ. ನೀವು ಮಾಡಿದ್ದನ್ನು ಅದು ಸಾಮಾನ್ಯ ಓಟದಲ್ಲಿ ಸದ್ದಿಲ್ಲದೆ ಸರಿದೂಗಿಸಿಬಿಡುತ್ತದೆ. ದುಡ್ಡು ಮಾತ್ರ ವಾಪಸ್ ಬರಲ್ಲ.

ಹಾಗಾದರೆ ಟ್ಯೂನಿಂಗೇ ಸುಳ್ಳಾ? ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರು ಇಷ್ಟು ಹೊತ್ತಿಗೆ ಹೊಡೆಯೋಕೆ ಬಂದಿರ್ತಾರೆ. ಇಲ್ಲ, ಅವರ ಮಾತು ಬೇರೆ. 98 ಸಿಸಿಯ ಆ ಟೂ ಸ್ಟ್ರೋಕ್ ಕಂಪನಿಯಿಂದ ಬರುವಾಗಲೇ 11 ಎಚ್‌ಪಿ ಕೊಡುತ್ತಿತ್ತು. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಬರೀ ಹೊಗೆಕೊಳವೆಯಲ್ಲ. ಹೊರಟ ಒತ್ತಡದ ಅಲೆ ಅದರೊಳಗೆ ಬಡಿದು ಹಿಂದಿರುಗಿ, ಪೋರ್ಟಿನಿಂದ (ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೊರಹೋಗುವ ಕಿಂಡಿ) ಜಾರಿಹೋಗುತ್ತಿರುವ ಹೊಸ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಅಲೆ ಯಾವ ಆರ್‌ಪಿಎಮ್‌ಗೆ ಸರಿಯಾಗಿ ವಾಪಸಾಗುತ್ತದೆ ಅನ್ನುವುದರ ಮೇಲೆ ಗಾಡಿಯ ಸ್ವಭಾವವೇ ನಿಂತಿದೆ. ಪೋರ್ಟ್, ಹೆಡ್, ಪೈಪು, ಜೆಟ್ ನಾಲ್ಕನ್ನೂ ಒಟ್ಟಿಗೆ ಬಲ್ಲ ಮೇಸ್ತ್ರಿ ಸಿಕ್ಕರೆ ಗಾಡಿ ನಿಜಕ್ಕೂ ಬೇರೆಯೇ ಆಗುತ್ತದೆ. ಅದರಲ್ಲೂ ಕಡಿಮೆ ಆರ್‌ಪಿಎಮ್‌ನ ಎಳೆತ ಕೊಟ್ಟು ಹೆಚ್ಚಿನ ಆರ್‌ಪಿಎಮ್‌ನದನ್ನು ಕೊಂಡಂತೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅಂಥ ಗಾಡಿ ಬರೀ ಕೆಮ್ಮುತ್ತದೆ. ಸೈಲೆನ್ಸರಿನೊಳಗೆ ಸದ್ದಡಗಿಸುವ ಬಫಲ್ ಒಂದನ್ನೇ ಕಿತ್ತು ಓಡಿಸುವವರಿಗೆ ಎರಡೂ ಇಲ್ಲ, ಪೊಲೀಸರ ದಂಡ ಮಾತ್ರ ಇದೆ.

ನನ್ನ ತಕರಾರು ಇರುವುದು ಈ ಅರ್ಧಂಬರ್ಧ ಕೆಲಸದ ಬಗ್ಗೆ. ಮಾಡಿದರೆ ಪೂರ್ತಿ ಮಾಡಿ. ಇಲ್ಲವಾದರೆ ಕಂಪನಿ ಕೊಟ್ಟ 8 ಎಚ್‌ಪಿಯಲ್ಲಿ ಈಗ ಎಷ್ಟು ಉಳಿದಿದೆ ನೋಡಿ. ಹದ ತಪ್ಪಿದ ಟ್ಯಾಪೆಟ್ ಗ್ಯಾಪು (ವಾಲ್ವಿನ ಸಂದು), ಧೂಳು ತುಂಬಿದ ಪೇಪರ್ ಫಿಲ್ಟರ್, ಒಣಗಿದ ಚೈನು, ಹಿಡಿದುಕೊಂಡೇ ತಿರುಗುವ ಬ್ರೇಕು, ಗಾಳಿ ಇಳಿದ ಟೈರು ಎಲ್ಲವೂ ದಿನಾ ಒಂದಿಷ್ಟು ತಿನ್ನುತ್ತಿರುತ್ತವೆ. ಟೈರಿಗೆ ಗಾಳಿ ಹಿಡಿಸಿದ್ದನ್ನು ಯಾರೂ ಸ್ಟೇಟಸ್ ಹಾಕಲ್ಲ ಅನ್ನಿ.

ನಂಬಿಕೆ ಬರದಿದ್ದರೆ ಅಳೆದು ನೋಡಿ. ವಾಹನ ಓಡಾಡದ ಸಮತಟ್ಟು ರಸ್ತೆ, ಟಾಪ್ ಗೇರ್, 40ರಿಂದ 60ಕ್ಕೆ ಎಷ್ಟು ಸೆಕೆಂಡು? ಗಾಳಿಯ ಮೋಸ ತಪ್ಪಲಿ ಅಂತ ಎರಡೂ ದಿಕ್ಕಿನಲ್ಲಿ ಓಡಿಸಿ. ಸ್ಟಾಪ್‌ವಾಚ್ ಹಿಂದೆ ಕೂತವರ ಕೈಯಲ್ಲಿರಲಿ. ಪ್ಲಗ್, ಫಿಲ್ಟರ್ ಹಾಕಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ಜನ ಕೂತು ಮತ್ತೊಮ್ಮೆ. ವ್ಯತ್ಯಾಸ ಕಂಡರೆ ಸೆಕೆಂಡುಗಳನ್ನು ಇಲ್ಲಿ ಬರೆಯಿರಿ, ನಾನೂ ಒಂದು ಫಿಲ್ಟರ್ ತರಿಸ್ತೇನೆ. ಟಾಪ್ ಸ್ಪೀಡ್ ಫೋಟೊ ಮಾತ್ರ ಬೇಡ.